ಮೇಲ್ಸಾಲಿನ ನಾಲ್ಕು ಹಲ್ಲು

ಮನೆಯ ಬೀಗದ ಕೈ ಎರಡೂ ತನ್ನ ಹತ್ತಿರವೇ ಇವೆ ಎಂಬುದು ಅವನಿಗೆ ಗೊತ್ತಾದದ್ದು ಪರೀಕ್ಷೆಯ ಕಾರು ಓಡಿಸುತ್ತಿದ್ದ ಮೂವತ್ತೆಂಟನೆಯವನು ಗಕ್ಕನೆ ಬ್ರೇಕು ಒತ್ತಿದಾಗ. ಎಡ ಜೇಬಿನಲ್ಲೊಂದು ಝಣ್ ಎಂದಿತು, ಬಲ ಜೇಬಿನಲ್ಲೊಂದು ಝಣ್ ಎಂದಿತು. ಒಂದು ತನ್ನದು, ಇನ್ನೊಂದು ಚಿಕ್ಕಮ್ಮನದು. ಬೇರೆ ದಿನವಾಗಿದ್ದರೆ ಎದೆ ಧಸಕ್ಕೆನ್ನುತ್ತಿತ್ತು, ಇವತ್ತು ನಗು ಬಂತು. ನಿನ್ನೆ ಸಂಜೆಯಿಂದ ಅವನ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಲಿಫ್ಟಿನಲ್ಲಿ ಇಬ್ಬರೇ ಇದ್ದಾಗ, ಮೂರನೆಯ ಮಹಡಿಗೂ ಎರಡನೆಯ ಮಹಡಿಗೂ ನಡುವೆ, ಕಾರಿನ ಸ್ಕ್ರೀನಿನ ವಿನ್ಯಾಸ ಮಾಡಿದವಳು ಅವನತ್ತ ತಿರುಗಿ, “ನಿಮ್ಮ ಲೆಕ್ಕ ಇಲ್ದಿದ್ರೆ ನನ್ನ ಸ್ಕ್ರೀನು ಯಾವತ್ತೋ ಕಸದ ಬುಟ್ಟಿ ಸೇರ್ತಿತ್ತು ರೀ” ಎಂದಿದ್ದಳು. ರೀ ಎಂದಿದ್ದಳು. ಅಷ್ಟು ದಿನ ಅವಳು ಅವನನ್ನು ಯಾವ ಹೆಸರಿನಿಂದಲೂ ಕರೆದದ್ದಿಲ್ಲ, ಬೇಕಾದಾಗ ಸುಮ್ಮನೆ ಕೆಮ್ಮುತ್ತಿದ್ದಳು. ಲಿಫ್ಟು ನೆಲ ಮುಟ್ಟಿದ ಮೇಲೂ ಅವನು ಇಳಿಯಲಿಲ್ಲ. ಅವಳು ಹೋದಳು, ಬಾಗಿಲು ಮುಚ್ಚಿಕೊಂಡಿತು, ಲಿಫ್ಟು ಅವನನ್ನು ಮತ್ತೆ ಐದನೆಯ ಮಹಡಿಗೆ ಹೊತ್ತೊಯ್ದಿತು. ಅಲ್ಲಿ ನೆಲ ಒರೆಸುತ್ತಿದ್ದ ಹೆಂಗಸು “ಏನ್ ಸಾರ್, ಏನಾದ್ರೂ ಮರೆತ್ರಾ?” ಎಂದು ಕೇಳುವವರೆಗೆ ಹಾಗೇ ನಿಂತಿದ್ದ. ಆ ಅಮಲಿನಲ್ಲೇ ಊಟ ಮಾಡಿದ್ದು, ಆ ಅಮಲಿನಲ್ಲೇ ಬೆಳಿಗ್ಗೆ ಮೊಳೆಗೆ ನೇತುಹಾಕಿದ್ದ ಎರಡೂ ಬೀಗದ ಕೈಗಳನ್ನು ಬಾಚಿ ಜೇಬಿಗಿಳಿಸಿದ್ದು. ಈಗ ಅವಳು ಮುಂದಿನ ಸೀಟಿನಲ್ಲಿ ಕೂತಿದ್ದಳು, ಅವನಿಗೆ ಅವಳ ಒಂದು ಕಿವಿ ಮಾತ್ರ ಕಾಣುತ್ತಿತ್ತು. ಪಕ್ಕದಲ್ಲಿ ಮೂವತ್ತೆಂಟನೆಯವನು ಗಾಜಿನಾಚೆ ಏನೂ ಕಾಣದೆ, ಬ್ರೇಕಿನ ಮೇಲೆ ಕಾಲಿಟ್ಟುಕೊಂಡು ಹಲ್ಲು ಕಿಸಿಯುತ್ತಿದ್ದ. ಹಿಂದೆ ಕೂತಿದ್ದ ಅವನು ಹಾಳೆಯ ಮೇಲೆ ಬಗ್ಗಿ, ನಗು ಎಂಬ ಕಲಮಿನಲ್ಲಿ ಒಂದು ಗುರುತು ಹಾಕಿದ.

ಅವನ ಕೆಲಸವೇ ಅದು. ಕಾರಿನೊಳಗಿನ ಸ್ಕ್ರೀನಿಗೆ ಹೊಸ ರೂಪ ಕೊಟ್ಟಿದ್ದರು. ಅದನ್ನು ಮುಟ್ಟಿ ಓಡಿಸುವವರ ಮುಖ ಏನೇನಾಗುತ್ತದೆ ಎಂದು ಹಿಂದಿನ ಸೀಟಿನಲ್ಲಿ ಕೂತು, ಕನ್ನಡಿಯಲ್ಲಿ ನೋಡಿ ಅವನು ಬರೆದುಕೊಳ್ಳಬೇಕು. ಮಾತಾಡುವಂತಿಲ್ಲ, ಬೆರಳು ತೋರಿಸುವಂತಿಲ್ಲ, ಪರಿಚಯದವರನ್ನು ಕೂರಿಸುವಂತಿಲ್ಲ. ಹಾಳೆಯಲ್ಲಿ ಐದು ಕಲಂ: ನಗು, ಹುಬ್ಬುಗಂಟು, ನಿಟ್ಟುಸಿರು, ಬೈಗುಳ, ಇತರೆ. ನಗು ಎಂಬುದರ ಕೆಳಗೆ ಸಣ್ಣಕ್ಷರದಲ್ಲಿ ತೃಪ್ತಿ ಎಂದು ಅಚ್ಚಾಗಿತ್ತು. ಯಾವುದು ನಗು ಯಾವುದು ಅಲ್ಲ ಎಂಬ ತಕರಾರು ಬರಬಾರದೆಂದು ಒಂದು ನಿಯಮವೂ ಇತ್ತು. ಮೇಲ್ಸಾಲಿನ ನಾಲ್ಕು ಹಲ್ಲು ಕಂಡರೆ ನಗು. ಮೂರು ಕಂಡರೆ ಅಲ್ಲ. ಆಫೀಸಿನಲ್ಲಿ ಅವನಿಗೆ ಹಲ್ಲೆಣಿಸುವವನು ಎಂದೇ ಹೆಸರು ಬಿದ್ದಿತ್ತು. ಕ್ಯಾಂಟೀನಿಗೆ ಅವನು ಕಾಲಿಟ್ಟ ಕೂಡಲೇ ಕೆಲವರು ಬಾಯಿಗೆ ಅಡ್ಡ ಕೈಯಿಟ್ಟುಕೊಳ್ಳುತ್ತಿದ್ದರು, ಅವನೂ ನಗುತ್ತಿದ್ದ. ಅವಮಾನವಾದಾಗ ನಗುವುದು ಅವನ ಹುಟ್ಟುಗುಣ. ಹುಟ್ಟುಗುಣ ಸುಟ್ಟರೂ ಹೋಗದು ಎನ್ನುತ್ತಾರೆ. ಲೆಕ್ಕದ ಮೇಷ್ಟ್ರು ಸುಡುವುದೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲವನ್ನೂ ಮಾಡಿ ನೋಡಿದ್ದರು. ಬೋರ್ಡಿನ ಮುಂದೆ ನಿಲ್ಲಿಸಿ, ಭಾಗಾಕಾರ ಬರುವುದಿಲ್ಲವೇ ಎಂದು ಕೇಳಿ, ಅವನು ನಕ್ಕಿದ್ದಕ್ಕೊಂದು ಏಟು. ಏಟು ಬಿದ್ದ ಮೇಲೂ ನಕ್ಕಿದ್ದಕ್ಕೆ ಇನ್ನೊಂದು. ಇಡೀ ತರಗತಿ ಅವನ ಜೊತೆ ನಗುತ್ತಿತ್ತು, ಅಂಗೈ ಕೆಂಪಗೆ ಊದಿಕೊಳ್ಳುತ್ತಿತ್ತು, ಬಾಯಿ ಮಾತ್ರ ತನ್ನ ಪಾಡಿಗೆ ತಾನು ಕಿವಿಯವರೆಗೆ ತೆರೆದುಕೊಂಡಿರುತ್ತಿತ್ತು. ಮೂರನೆಯ ದಿನ ನರ್ಸಾಗಿದ್ದ ಚಿಕ್ಕಮ್ಮ ಆಸ್ಪತ್ರೆಯ ಬಿಳಿ ಬಟ್ಟೆಯಲ್ಲೇ ಶಾಲೆಗೆ ಬಂದು ಬಾಗಿಲಲ್ಲಿ ನಿಂತಳು. “ಮೇಷ್ಟ್ರೇ, ಅವನು ನಗ್ತಿಲ್ಲ. ಅಳು ತಡ್ಕೊಂಡಿದಾನೆ. ನಿಮಗೆ ಅಷ್ಟೂ ತಿಳಿಯಲ್ವಾ?” ಎಂದಳು. ಆಮೇಲೆ ಮೇಷ್ಟ್ರೇ ಹಲ್ಲು ಬಿಟ್ಟಿದ್ದರು. ಎಷ್ಟು ಹಲ್ಲು ಎಂದು ಆಗ ಎಣಿಸಬೇಕಿತ್ತು.

“ಇಳೀಬಹುದು ಸಾರ್, ಥ್ಯಾಂಕ್ಸ್” ಎಂದು ವಿನ್ಯಾಸದವಳು ಹೇಳಿದಳು. ಮೂವತ್ತೆಂಟನೆಯವನು ಇಳಿದು, ಕಾರಿನ ಬಾಗಿಲನ್ನು ತನ್ನದೇ ತಪ್ಪೇನೋ ಎಂಬಂತೆ ಮೆಲ್ಲಗೆ ಮುಚ್ಚಿ ಹೋದ. ಇನ್ನಿಬ್ಬರು ಉಳಿದಿದ್ದರು. ನಲವತ್ತು ಜನ ಮುಗಿದರೆ ನಾಲ್ಕು ಗಂಟೆಗೆ ಮೀಟಿಂಗು. ದೊಡ್ಡವರು, ಅಂದರೆ ವಿಭಾಗದ ಮುಖ್ಯಸ್ಥರು, ತಮ್ಮ ಮಸಿಪೆನ್ನು ತೆಗೆದು ಸಹಿ ಹಾಕುತ್ತಾರೆ. ಸಹಿ ಬಿದ್ದ ವಾರದೊಳಗೆ ಈ ಹೊಸ ರೂಪ ಇಂಟರ್ನೆಟ್ಟಿನ ಗಾಳಿಯಲ್ಲೇ ಹಾರಿಬಂದು ರಸ್ತೆಯ ಮೇಲಿರುವ ಈ ಮಾದರಿಯ ಎಲ್ಲಾ ಕಾರುಗಳಲ್ಲೂ ಕೂತುಬಿಡುತ್ತದೆ. ಯಾರನ್ನೂ ಕೇಳುವುದಿಲ್ಲ. ಮನೆಮನೆಗೆ ಹೋಗಿ ಹಾಸಿಗೆ ಹಿಡಿದವರಿಗೆ ಡ್ರೆಸ್ಸಿಂಗು ಮಾಡುವ ಚಿಕ್ಕಮ್ಮನಿಗೆ ಅವಳ ಕ್ಲಿನಿಕ್ಕು ಕೊಟ್ಟಿರುವ ಕಾರು ಕೂಡ ಇದೇ ಮಾದರಿಯದು. ಈ ಸಂಗತಿ ಅವನಿಗೆ ಗೊತ್ತಿತ್ತು, ಆದರೆ ನಿನ್ನೆಯ ಲಿಫ್ಟಿನಿಂದೀಚೆಗೆ ಅದು ತಲೆಯ ಯಾವುದೋ ಕೆಳಮಹಡಿಯಲ್ಲಿ ಇಳಿದುಕೊಂಡಿತ್ತು. ಹಳೆಯ ಸ್ಕ್ರೀನಿನಲ್ಲಿ, ಓಡಿಸುವವರ ಕೈಗೆ ಹತ್ತಿರದ ಕೆಳಮೂಲೆಯಲ್ಲಿ, ಮುಂದಿನ ಗಾಜಿನ ಮಬ್ಬು ಕಳೆಯುವ ಗುಂಡಿಯೊಂದಿತ್ತು. ಎರಡು ಹೆಬ್ಬೆರಳಿನಷ್ಟು ಅಗಲ, ನೋಡಲು ಚೆಂದವಿಲ್ಲ, ಆದರೆ ಸದಾ ಅಲ್ಲೇ ಇರುತ್ತಿತ್ತು. ಹೊಸದರಲ್ಲಿ ಆ ಜಾಗಕ್ಕೆ ಒಂದು ಪುಟ್ಟ ಗುಡ್ಡ ಬಂದಿತ್ತು, ಗುಡ್ಡದ ಮೇಲೆ ಹಗಲು ಸೂರ್ಯ, ರಾತ್ರಿ ಚಂದ್ರ. ಗಾಜಿನ ಗುಂಡಿ ಬೇಕೆಂದರೆ ಆರಾಮ ಎಂಬುದನ್ನು ಒತ್ತಿ, ಅಲ್ಲಿಂದ ಗಾಳಿ, ಅಲ್ಲಿಂದ ನೋಟ, ಅಲ್ಲಿಂದ ಮುಂದೆ ಎಂಬುದನ್ನು ಮುಟ್ಟಬೇಕು. ಹಾಗೆ ಹುಡುಕುವಷ್ಟರಲ್ಲಿ ಕಾರು ಕುರುಡಾಗಿಯೇ ಒಂದು ಬೀದಿ ದಾಟಿರುತ್ತದೆ. ಮೂವತ್ತೆಂಟು ಜನರ ಕೈಯೂ ಮೊದಲು ಹೋದದ್ದು ಆ ಗುಡ್ಡದ ಮೇಲೆ. ಗುಡ್ಡ ಒತ್ತಿದರೆ ಸೂರ್ಯ ಸ್ವಲ್ಪ ದೊಡ್ಡದಾಗುತ್ತಿತ್ತು, ಅಷ್ಟೆ. ಎಲ್ಲರೂ ಇನ್ನೊಮ್ಮೆ ಒತ್ತುತ್ತಿದ್ದರು. ಆಮೇಲೆ ನಗುತ್ತಿದ್ದರು.

ಆ ನಗು ಯಾವ ನಗು ಎಂದು ಅವನಿಗಲ್ಲದೆ ಇನ್ಯಾರಿಗೆ ಗೊತ್ತಿರಬೇಕು. ಮೂರನೆಯವರು ಮೂವತ್ತು ವರ್ಷ ಬಸ್ಸು ಓಡಿಸಿ ನಿವೃತ್ತರಾಗಿದ್ದ ಭಾರೀ ಮೀಸೆಯ ಮನುಷ್ಯ. ಮಬ್ಬುಗಾಜಿನ ಮುಂದೆ ಅವರು ಹಿ ಹಿ ಎಂದಾಗ ಅವರ ಕಿವಿ ಎರಡೂ ಕೆಂಪಾಗಿದ್ದವು. ಅವನ ಪೆನ್ನು ನೇರ ಇತರೆ ಎಂಬ ಕಲಮಿಗೆ ಹೋಗಿತ್ತು. ಆವತ್ತು ಸಂಜೆ ದೊಡ್ಡವರು ಹಾಳೆ ನೋಡಿ, ಎಲ್ಲರ ಮುಂದೆ, “ಏನಪ್ಪಾ ಇದು ಇತರೆ? ನಕ್ಕರು ಅಂತೀಯ, ಆದ್ರೆ ನಗಲಿಲ್ಲ ಅಂತೀಯ. ನೀನು ಹಲ್ಲು ಎಣಿಸೋಕೆ ಬಂದಿದ್ದೀಯೋ, ಭವಿಷ್ಯ ಹೇಳೋಕೋ?” ಎಂದರು. ಹನ್ನೊಂದು ಜನ ನಕ್ಕರು, ಅವನು ಎಲ್ಲರಿಗಿಂತ ಜೋರಾಗಿ ನಕ್ಕ. ಮಾರನೆಯ ದಿನದಿಂದ ನಾಲ್ಕು ಹಲ್ಲು ಕಂಡರೆ ನಗು, ಮುಗಿಯಿತು. ಮೊದಲು ಮನಸ್ಸು ಚುಚ್ಚುತ್ತಿತ್ತು. ಆಮೇಲೆ ಸಂಖ್ಯೆ ಏರತೊಡಗಿತು, ಗೋಡೆಯ ಮೇಲಿನ ಚಿತ್ರದಲ್ಲಿ ಹಸಿರು ಕಡ್ಡಿ ದಿನದಿನಕ್ಕೆ ಬೆಳೆಯಿತು, ಕಡ್ಡಿ ಬೆಳೆದಷ್ಟೂ ಅವಳ ಮುಖ ಅರಳಿತು. ಅವಳ ಮುಖ ಅರಳುವುದಕ್ಕೆ ತಾನು ಕಾರಣ ಎಂಬುದು ಎಂಥ ಸುಖ! ಒಂದು ದಿನ ಅವಳು ಕಾರಿಡಾರಿನಲ್ಲಿ ಯಾರೂ ಇಲ್ಲವೆಂದುಕೊಂಡು ಎರಡು ಹೆಜ್ಜೆ ಕುಣಿದಳು. ಜೆರಾಕ್ಸ್ ಮಶೀನಿನ ಹಿಂದಿದ್ದ ಅವನು ಅದನ್ನು ನೋಡಿಬಿಟ್ಟ. ಆ ಎರಡು ಹೆಜ್ಜೆಗಾಗಿ ಅವನು ಇಡೀ ಊರಿನ ಹಲ್ಲುಗಳನ್ನು ತೃಪ್ತಿ ಎಂದು ಬರೆದುಕೊಡಲು ತಯಾರಿದ್ದ.

ಮೂವತ್ತೊಂಬತ್ತನೆಯವರು ಬಂದರು, ಗುಡ್ಡ ಒತ್ತಿದರು, ನಕ್ಕರು, ಹೋದರು. ನಲವತ್ತನೆಯವರು ಬರಲೇ ಇಲ್ಲ. ಫೋನು ಮಾಡಿದರೆ ಮಗಳ ಶಾಲೆಯಲ್ಲಿದ್ದೇನೆ ಎಂದರಂತೆ. ವಿನ್ಯಾಸದವಳು ಗಡಿಯಾರ ನೋಡಿದಳು, ಉಗುರು ಕಚ್ಚಿದಳು. ಆಫೀಸಿನ ಹಿಂದಿನ ಬಯಲಿನಲ್ಲಿ ಕಿತ್ತಳೆ ಬಣ್ಣದ ಪ್ಲಾಸ್ಟಿಕ್ ಕೋನುಗಳನ್ನಿಟ್ಟು ಮಾಡಿದ್ದ ರಸ್ತೆ ಬಿಸಿಲಿಗೆ ಫಳಫಳ ಹೊಳೆಯುತ್ತಿತ್ತು. ಮೂರನೆಯ ತಿರುವಿನಲ್ಲಿ ಮಳೆರಾಯ ಬೀಡಿ ಸೇದುತ್ತ ಕೂತಿದ್ದ. ಅವನು ನಿಜವಾಗಿ ಆಫೀಸಿನ ತೋಟದ ಮಾಲಿ. ಕಾರು ತಿರುವಿಗೆ ಬಂದಾಗ ರಬ್ಬರು ಪೈಪು ಹಿಡಿದು ಗಾಜಿನ ಮೇಲೆ ನೀರು ಬಿಡುವುದು ಈ ತಿಂಗಳು ಅವನಿಗೆ ವಹಿಸಿದ್ದ ಹೆಚ್ಚಿನ ಕೆಲಸ. ಪ್ರತಿ ಸಲವೂ ಕಾರು ಹೊರಡುವ ಮೊದಲು “ತುಂತುರೋ, ಜಡಿಯೋ?” ಎಂದು ಕೂಗಿ ಕೇಳುತ್ತಿದ್ದ. ಒಳಗಡೆ ಮಬ್ಬು ಹಿಡಿಯಲೆಂದು ಕಾರಿನ ತಳದಲ್ಲಿ ನಾಲ್ಕು ಒದ್ದೆ ಟವೆಲ್ಲು, ಮುಚ್ಚಳ ತೆಗೆದ ಬಿಸಿನೀರಿನ ಫ್ಲಾಸ್ಕು. ಮೂರು ಜನ ಉಸಿರಾಡಿದರೆ ಸಾಕು, ಐದು ನಿಮಿಷದಲ್ಲಿ ಇಡ್ಲಿ ಬೇಯಿಸಬಹುದಿತ್ತು.

ಅಷ್ಟರಲ್ಲಿ ಗೇಟಿನೊಳಗೆ ಬಿಳಿಯ ಕಾರೊಂದು ನುಗ್ಗಿ, ಎರಡು ಲಾರಿಗಳ ನಡುವಿನ ಸಂದಿಗೆ ಹಿಮ್ಮುಖವಾಗಿ, ಒಂದೇ ಏಟಿಗೆ, ಕತ್ತಿಯನ್ನು ಒರೆಗೆ ಸೇರಿಸಿದಂತೆ ಸೇರಿಕೊಂಡಿತು. ಇಳಿದದ್ದು ಚಿಕ್ಕಮ್ಮ. ಬೀಗದ ಕೈಗೆ ಬಂದಿದ್ದಾಳೆ ಎಂದು ಅವನಿಗೆ ಗೊತ್ತಾಯಿತು, ಎರಡೂ ಜೇಬನ್ನು ಒತ್ತಿಹಿಡಿದುಕೊಂಡ.

“ಅಬ್ಬಾ, ಏನ್ ಓಡಿಸ್ತಾರ್ರೀ!” ಎಂದಳು ವಿನ್ಯಾಸದವಳು. “ಅವರನ್ನೇ ಕೇಳೋಣ. ನಿಮಗೆ ಪರಿಚಯ ಇಲ್ಲ ತಾನೇ?”

ಅವನು ಬಾಯಿ ತೆರೆದ. ಇಲ್ಲ ಎನ್ನಲಿಲ್ಲ, ಹೌದು ಎನ್ನಲಿಲ್ಲ, ನಕ್ಕ. ಅವಳು ಆಗಲೇ ಓಡಿದ್ದಳು. ದೂರದಲ್ಲಿ ಅವಳು ಕೈಯಾಡಿಸಿ ನಿಯಮವೆಲ್ಲ ಹೇಳುವುದು, ಚಿಕ್ಕಮ್ಮ ತಲೆ ವಾರೆ ಮಾಡಿ ಕೇಳುವುದು, ಅವಳ ಭುಜದ ಮೇಲಿಂದ ತನ್ನನ್ನು ಒಂದು ಸಲ ನೋಡುವುದು ಎಲ್ಲ ಕಂಡಿತು. ಸುಳ್ಳು ಹೇಳಬೇಡ ಎಂದು ಅವನಿಗೆ ಕಲಿಸಿದವಳೇ ಚಿಕ್ಕಮ್ಮ. ಆದರೆ ನಾಟಕ ಎಂದರೆ ಪ್ರಾಣ ಬಿಡುತ್ತಾಳೆ.

“ನಮಸ್ಕಾರ ಸಾರ್” ಎಂದಳು ಚಿಕ್ಕಮ್ಮ, ಕಾರಿನ ಹತ್ತಿರ ಬಂದು, ಕೈ ಜೋಡಿಸಿ. “ನೀವು ಪರೀಕ್ಷೆ ಮಾಡೋ ಸಾಹೇಬ್ರಾ? ನಾನು ತಪ್ಪು ಮಾಡಿದ್ರೆ ಬೈಬೇಡಿ ಸಾರ್, ನಮ್ಮನೇಲಿ ಒಬ್ಬ ಇದಾನೆ, ಅವನೂ ನನ್ನ ಬೈಯೋದಿಲ್ಲ.”

“ಇಲ್ಲ... ಮೇಡಂ” ಎಂದ ಅವನು. ಮೇಡಂ ಎಂದದ್ದೇ ತಡ, ಚಿಕ್ಕಮ್ಮನ ಭುಜ ಕುಲುಕಿತು. ಬಾಯಿ ಬಿಗಿಯಾಗಿ ಮುಚ್ಚಿತ್ತು, ಕಣ್ಣಲ್ಲಿ ನೀರು, ಒಂದಿಷ್ಟೂ ಸದ್ದಿಲ್ಲ. ಅದು ಅವಳ ಮನೆಯ ನಗು. ನಿಜವಾಗಿ ನಗು ಬಂದಾಗ ಅವಳ ಒಂದು ಹಲ್ಲೂ ಯಾರಿಗೂ ಕಾಣುವುದಿಲ್ಲ. ಅವನಿಗೂ ಹೊಟ್ಟೆಯೊಳಗಿನಿಂದ ಬುರುಬುರು ಎಂದು ಏಳುತ್ತಿತ್ತು. ಹಾಳೆಯನ್ನು ಮುಖಕ್ಕೆ ಅಡ್ಡ ಹಿಡಿದುಕೊಂಡ. ಇದರಿಂದ ಪಾರಾದರೆ ಸಂಜೆ ಇಬ್ಬರೂ ಅಡುಗೆಮನೆಯಲ್ಲಿ ಬಿದ್ದು ಬಿದ್ದು ನಗಬಹುದು ಎಂದುಕೊಂಡ. ಎಷ್ಟು ಹಗುರವಾಗಿತ್ತು ಆ ಮಧ್ಯಾಹ್ನ, ಫೂ ಎಂದರೆ ಹಾರಿಹೋಗುವಷ್ಟು.

“ತುಂತುರೋ, ಜಡಿಯೋ?” ಎಂದು ಮಳೆರಾಯ ಕೂಗಿದ. “ಜಡಿ!” ಎಂದು ವಿನ್ಯಾಸದವಳು ಕೂಗಿದಳು. ಕಾರು ಹೊರಟಿತು. ಚಿಕ್ಕಮ್ಮ ಓಡಿಸುವುದನ್ನು ಹಿಂದಿನ ಸೀಟಿನಿಂದ ನೋಡುವುದು ಅವನಿಗೆ ಹೊಸದಲ್ಲ, ಹತ್ತು ವರ್ಷ ಅವನು ಲೋಕವನ್ನೆಲ್ಲ ನೋಡಿದ್ದು ಅಲ್ಲಿಂದಲೇ. ಜ್ವರ ಬಂದಾಗ, ಪರೀಕ್ಷೆಗೆ ಹೊತ್ತಾದಾಗ, ಅಪ್ಪನನ್ನು ನೋಡಲು ಕೊನೆಯ ಸಲ ಹೋದಾಗ. ಆವತ್ತು ಅವಳು ದಾರಿಯುದ್ದಕ್ಕೂ ಒಂದು ಮಾತೂ ಆಡದೆ, ಗೇರು ಬದಲಿಸುವಾಗಲೆಲ್ಲ ಕೈಯನ್ನು ಹಿಂದಕ್ಕೆ ಚಾಚಿ ಅವನ ಮೊಣಕಾಲು ಮುಟ್ಟುತ್ತಿದ್ದಳು. ಈಗ ಅದೇ ಕೈ ಮೊದಲ ತಿರುವಿನಲ್ಲಿ ಹಾಡಿನ ಸದ್ದು ತಗ್ಗಿಸಿತು, ಎರಡನೆಯ ತಿರುವಿನಲ್ಲಿ ಗಾಳಿ ಜಾಸ್ತಿ ಮಾಡಿತು. ಬೇಷ್ ಎನ್ನುವಂತೆ ವಿನ್ಯಾಸದವಳು ಹಿಂದೆ ತಿರುಗಿ ಅವನತ್ತ ನೋಡಿದಳು. ಮೂರನೆಯ ತಿರುವಿನಲ್ಲಿ ಮಳೆ ಬಿತ್ತು. ಟವೆಲ್ಲು, ಫ್ಲಾಸ್ಕು, ಮೂರು ಜನರ ಉಸಿರು, ಎಲ್ಲ ಸೇರಿ ಮುಂದಿನ ಗಾಜು ಹಾಲಿನ ಹಾಗೆ ಬೆಳ್ಳಗಾಯಿತು.

“ಮೇಡಂ, ಈಗ ಮುಂದಿನ ಗಾಜು ಸ್ವಚ್ಛ ಮಾಡ್ಕೊಳ್ಳಿ. ಗಾಡಿ ನಿಲ್ಲಿಸದೆ” ಎಂದಳು ವಿನ್ಯಾಸದವಳು.

ಚಿಕ್ಕಮ್ಮನ ಕೈ ನೋಡದೆಯೇ ಕೆಳಮೂಲೆಗೆ ಹೋಯಿತು. ಸೂರ್ಯ ದೊಡ್ಡದಾಯಿತು. ಇನ್ನೊಮ್ಮೆ ಒತ್ತಿದಳು. ಸೂರ್ಯ ಮತ್ತೆ ಚಿಕ್ಕದಾಯಿತು. “ಇಲ್ಲೇ ಇತ್ತಲ್ಲ” ಎಂದಳು ತನ್ನಷ್ಟಕ್ಕೆ. ಆರಾಮ ಎಂಬಲ್ಲಿ ಒತ್ತಿದಳು. ಅಲ್ಲಿ ಅಲೆಅಲೆಯಾಗಿ ಮೇಲೇಳುವ ಮೂರು ಗೀಟಿನ ಗುರುತು ಕಂಡಿತು, ಹಳೆಯ ಗುಂಡಿಯ ಮೇಲೂ ಅಂಥದೇ ಗೀಟುಗಳಿದ್ದವು. ಅದನ್ನು ಒತ್ತಿ ಕಾದಳು. ಕಾರು ಮೆಲ್ಲಗೆ ಎಡಕ್ಕೆ ವಾಲುತ್ತಿತ್ತು.

“ಸಾರ್, ಗಾಜು ಬಿಸಿ ಆಗ್ತಿಲ್ಲ. ಬೇರೇನೋ ಆಗ್ತಿದೆ” ಎಂದಳು. ಸೀಟಿನಲ್ಲೇ ಸರಿದು ಕೂತು, “ನಾನು ಕೂತಿರೋದು ಬಿಸಿ ಆಗ್ತಿದೆ” ಎಂದಳು.

ಸೀಟು ಬಿಸಿ ಮಾಡುವ ಗುರುತು ಅದು. ವಿನ್ಯಾಸದವಳು ಪಕ್ ಎಂದು ನಕ್ಕಳು. ಅವನಿಗೂ ತಡೆಯಲಾಗಲಿಲ್ಲ. ಆಗ ಚಿಕ್ಕಮ್ಮನೂ ನಕ್ಕಳು. ಗಂಟಲಿನ ತುದಿಯಿಂದ, ಗಟ್ಟಿಯಾಗಿ, ಮೇಲ್ಸಾಲು ಪೂರ್ತಿ ಕಾಣುವಂತೆ. ಅವನ ನಗು ಅಲ್ಲೇ ನಿಂತಿತು. ಆ ನಗುವನ್ನು ಅವನು ಅವಳ ಬಾಯಲ್ಲಿ ಎಂದೂ ಕೇಳಿರಲಿಲ್ಲ. ಕೇಳಿದ್ದು ತನ್ನ ಬಾಯಲ್ಲಿ, ಬೋರ್ಡಿನ ಮುಂದೆ. ಅವಳ ಬೆರಳು ಸ್ಕ್ರೀನಿನ ಮೇಲೆ ಗಾಳಿ, ನೋಟ, ಆರಾಮ ಎಂದು ಎತ್ತೆತ್ತಲೋ ಓಡಿತು. ಇಪ್ಪತ್ತೆಂಟು ವರ್ಷ ಒಂದು ಗೀರೂ ಬೀಳದಂತೆ ಗಾಡಿ ಓಡಿಸಿದವಳು ಕಿತ್ತಳೆ ಕೋನೊಂದನ್ನು ಕೆಡವಿದಳು, ಇನ್ನೊಂದನ್ನು ಕೆಡವಿದಳು, “ಅಯ್ಯೋ, ವಯಸ್ಸಾಯ್ತು ನನಗೆ, ದಡ್ಡಿ ನಾನು” ಎಂದು ನಗುತ್ತಲೇ ಬ್ರೇಕು ಒತ್ತಿದಳು. ಅವನ ಕೈ ಅಭ್ಯಾಸದಂತೆ ತನ್ನ ಪಾಡಿಗೆ ಕೆಳಗಿಳಿದು ನಗು ಎಂಬ ಕಲಮಿನಲ್ಲಿ ಗುರುತು ಹಾಕಿತು. ತಲೆ ಎತ್ತಿದರೆ ಕನ್ನಡಿಯಲ್ಲಿ ಚಿಕ್ಕಮ್ಮ ಅವನ ಕೈಯನ್ನೇ ನೋಡುತ್ತಿದ್ದಳು.

“ಏನು ಬರ್ಕೊಂಡ್ರಿ ಸಾರ್?” ಎಂದಳು.

“ತೃಪ್ತಿ ಅಂತ” ಎಂದ ಅವನು.

“ಓಹೋ” ಎಂದಳು.

ಕಾರಿನಿಂದಿಳಿದು ಅವಳು ಒದ್ದೆಯಾದ ಹಣೆಯನ್ನು ಕರ್ಚೀಫಿನಿಂದ ಒರೆಸಿಕೊಂಡಳು. ನಾಟಕ ಇನ್ನೂ ಮುಗಿದಿರಲಿಲ್ಲ. “ಸಾರ್, ನನ್ನದೊಂದು ಬೀಗದ ಕೈ ಹಿಂದಿನ ಸೀಟಿನ ಹತ್ರ ಎಲ್ಲೋ ಬಿದ್ದಿದೆ ಅನ್ಸುತ್ತೆ, ಸ್ವಲ್ಪ ನೋಡ್ತೀರಾ?” ಎಂದಳು. ಹಿಂದಿನ ಸೀಟಿನ ಹತ್ತಿರ ಅವಳು ಹೋಗಿಯೇ ಇರಲಿಲ್ಲ ಎಂಬುದು ವಿನ್ಯಾಸದವಳಿಗೆ ಹೊಳೆಯಲಿಲ್ಲ, ಅವಳು ಬಿದ್ದ ಕೋನುಗಳನ್ನು ಎತ್ತಿಡಲು ಹೋಗಿದ್ದಳು. ಅವನು ಬಗ್ಗಿ, ಒದ್ದೆ ಟವೆಲ್ಲುಗಳ ನಡುವೆ ಹುಡುಕಿದಂತೆ ಮಾಡಿ, ಜೇಬಿನಿಂದ ತೆಗೆದುಕೊಟ್ಟ. ಅದನ್ನು ತೆಗೆದುಕೊಳ್ಳುವಾಗ ಚಿಕ್ಕಮ್ಮ ಮೆಲ್ಲಗೆ, ಮನೆಯ ದನಿಯಲ್ಲಿ, “ನಿಮ್ಮ ಲೆಕ್ಕದ ಮೇಷ್ಟ್ರೂ ಹೀಗೇ ಬರ್ಕೋತಿದ್ರು ಕಣೋ” ಎಂದಳು. ಬಿಳಿಯ ಕಾರು ಸಂದಿಯಿಂದ ಹೊರಬಂದು ಗೇಟು ದಾಟಿತು. ಮೂರು ಗಂಟೆಗೆ ಅವಳು ಊರಾಚೆಯ ಮುದುಕರೊಬ್ಬರ ಕಾಲಿನ ಹುಣ್ಣಿಗೆ ಪಟ್ಟಿ ಬದಲಿಸಬೇಕಿತ್ತು.

ಕೈ ತೊಳೆಯುವ ಕೋಣೆಯ ಕನ್ನಡಿಯಲ್ಲಿ ಅವನು ತನ್ನ ಹಲ್ಲು ಎಣಿಸಿದ. ಆರು ಕಾಣುತ್ತಿದ್ದವು. ಬಾಯಿ ಮುಚ್ಚಲು ನೋಡಿದ, ಆಗಲಿಲ್ಲ. ಹೇಳಿಬಿಡಬೇಕು ಎಂದುಕೊಂಡ. ಹೇಳಿದರೆ ಕೆಲಸ ಹೋಗಬಹುದು, ಹೋಗಲಿ. ಆ ಎರಡು ಹೆಜ್ಜೆಯ ಕುಣಿತವನ್ನು ತನ್ನ ಕೈಯಾರೆ ಅಳಿಸಿಹಾಕಬೇಕಲ್ಲ. ಹೇಳದಿದ್ದರೆ ಮುಂದಿನ ವಾರ, ನಿಜವಾದ ಮಳೆಯಲ್ಲಿ, ಕೋನುಗಳಿಲ್ಲದ ರಸ್ತೆಯಲ್ಲಿ, ಮಂದಿ ಹೋಗುತ್ತಿರುವಲ್ಲಿ, ಚಿಕ್ಕಮ್ಮ ಗುಡ್ಡದ ಮೇಲಿನ ಸೂರ್ಯನನ್ನು ಒತ್ತುತ್ತಾಳೆ. ಒತ್ತಿ ನಗುತ್ತಾಳೆ. ಅವನಿಗೆ ಭಯವಾಯಿತು, ಭಯವಾದದ್ದಕ್ಕೆ ಇನ್ನಷ್ಟು ನಗು ಬಂತು. ಪಕ್ಕದಲ್ಲಿ ಕೈ ತೊಳೆಯುತ್ತಿದ್ದ ಲೆಕ್ಕಪತ್ರದವನು “ಏನಯ್ಯಾ ಹಲ್ಲೆಣಿಸೋನೇ, ಲಾಟರಿ ಹೊಡೀತಾ?” ಎಂದು ಬೆನ್ನು ತಟ್ಟಿ ಹೋದ.

ಮೀಟಿಂಗಿನಲ್ಲಿ ಗೋಡೆಯ ಮೇಲೆ ಹಸಿರು ಕಡ್ಡಿ ಚಾವಣಿ ಮುಟ್ಟುವಂತಿತ್ತು. ನಲವತ್ತರಲ್ಲಿ ಮೂವತ್ತಾರು ತೃಪ್ತಿ. ವಿನ್ಯಾಸದವಳು ಅದನ್ನು ತೋರಿಸಿ ಕೂತಳು, ಕೂರುವಾಗ ಮೇಜಿನಾಚೆಯಿಂದ ಅವನತ್ತ ಕಣ್ಣು ಮಿಟುಕಿಸಿದಳು. ಆ ಮಿಟುಕಿಗೆ ನಿನ್ನೆಯಾಗಿದ್ದರೆ ಅವನು ಸತ್ತೇ ಹೋಗುತ್ತಿದ್ದ. ದೊಡ್ಡವರು ಮಸಿಪೆನ್ನಿನ ಮುಚ್ಚಳ ತಿರುಗಿಸಿ ತೆಗೆದರು. ಅವನು ಎದ್ದು ನಿಂತ. ತಾನು ಎದ್ದಿದ್ದೇನೆ ಎಂದು ಗೊತ್ತಾದದ್ದು ಎಲ್ಲರೂ ತನ್ನತ್ತ ತಿರುಗಿದ ಮೇಲೆ. “ಸಾರ್” ಎಂದ. ಮಾತು ಬರಬೇಕಾದ ಕಡೆ ನಗು ಬಂತು. “ಸಾರ್, ಅದು... ಹ ಹ... ಅದು ಹಾಗಲ್ಲ ಸಾರ್.” ದೊಡ್ಡವರೂ ನಕ್ಕರು, ದೊಡ್ಡವರು ನಕ್ಕಿದ್ದಕ್ಕೆ ಎಲ್ಲರೂ ನಕ್ಕರು, ಇಡೀ ಕೋಣೆ ಅವನ ತರಗತಿಯಾಯಿತು. “ತುಂಬಾ ಖುಷಿಯಾಗಿದ್ದಾನಪ್ಪಾ ನಮ್ಮ ಹಲ್ಲೆಣಿಸೋನು!” ಎಂದರು ದೊಡ್ಡವರು. ಅವನ ಕಣ್ಣಲ್ಲಿ ನೀರು ತುಂಬಿತು. ಬಾಗಿಲಲ್ಲಿ ಯಾರಾದರೂ ಬಿಳಿ ಬಟ್ಟೆಯಲ್ಲಿ ಬಂದು ನಿಂತು ಹೇಳುತ್ತಾರೇನೋ ಎಂದು ಅತ್ತ ನೋಡಿದ. ಬಾಗಿಲಲ್ಲಿ ಯಾರೂ ಇರಲಿಲ್ಲ, ಕಾಫಿಯ ಟ್ರೇ ಇತ್ತು.

“ಸಾರ್, ನೀವೇ ಒಂದು ಸುತ್ತು ಓಡಿಸಿ” ಎಂದ ಅವನು. ನಗುತ್ತಲೇ ಎಂದದ್ದರಿಂದ ಅದು ಸಂಭ್ರಮದ ಮಾತಿನಂತೆ ಕೇಳಿಸಿತು. “ನಲವತ್ತೊಂದನೆಯವರು ನೀವೇ ಆಗಿ. ಮಳೆರಾಯ ಇನ್ನೂ ಮನೆಗೆ ಹೋಗಿಲ್ಲ.”

“ಆಗಲಿ, ಅದೂ ಸರಿಯೇ!” ಎಂದು ದೊಡ್ಡವರು ಪೆನ್ನು ಜೇಬಿಗೆ ಸಿಕ್ಕಿಸಿ ಎದ್ದೇಬಿಟ್ಟರು. ತಮ್ಮ ಡ್ರೈವಿಂಗಿನ ಬಗ್ಗೆ ಅವರಿಗೆ ಬಲು ಹೆಮ್ಮೆ. ಕೇಳಿದವರಿಗೂ ಕೇಳದವರಿಗೂ ಅದನ್ನು ಹೇಳುತ್ತಿದ್ದರು.

ಮೆಟ್ಟಿಲಿಳಿಯುವಾಗ ವಿನ್ಯಾಸದವಳು ಅವನ ಪಕ್ಕಕ್ಕೆ ಬಂದು “ಎಂಥ ಐಡಿಯಾ ರೀ ನಿಮ್ದು!” ಎಂದು ಪಿಸುಗುಟ್ಟಿದಳು. ಮೂವರೂ ತಮ್ಮ ತಮ್ಮ ಜಾಗದಲ್ಲಿ ಕೂತರು. ಟವೆಲ್ಲುಗಳು ಒದ್ದೆಯಾಗಿಯೇ ಇದ್ದವು, ಅವನು ಫ್ಲಾಸ್ಕಿಗೆ ಹೊಸ ಬಿಸಿನೀರು ತುಂಬಿಸಿದ್ದ. “ತುಂತುರೋ, ಜಡಿಯೋ?” ಎಂಬ ಕೂಗಿಗೆ ದೊಡ್ಡವರೇ ಕಿಟಕಿಯಿಂದ ತಲೆ ಹಾಕಿ “ಪ್ರಳಯ ತರಿಸಯ್ಯಾ!” ಎಂದರು. ಮೊದಲ ತಿರುವು ಸಲೀಸು. ಎರಡನೆಯದರಲ್ಲಿ ಒಂದು ಕೈಯಲ್ಲಿ ಓಡಿಸಿ ತೋರಿಸಿದರು. ಮೂರನೆಯ ತಿರುವಿನಲ್ಲಿ ಮಳೆರಾಯ ಹೇಳಿದಷ್ಟು ಮಾಡಿದ. ಗಾಜು ಬೆಳ್ಳಗಾಯಿತು. ದೊಡ್ಡವರ ಕೈ ಕೆಳಮೂಲೆಗೆ ಹೋಯಿತು. ಸೂರ್ಯ ದೊಡ್ಡದಾಯಿತು. ಇನ್ನೊಮ್ಮೆ ಒತ್ತಿದರು. ಕೈ ಅಲ್ಲೇ ಸ್ವಲ್ಪ ಹೊತ್ತು ತಡಕಾಡಿತು. ಆಮೇಲೆ ಅವರು ನಕ್ಕರು. ಹಿ ಹಿ ಎಂದು, ಆ ಬಸ್ಸಿನ ಮೀಸೆಯವರಂತೆಯೇ. ಕನ್ನಡಿಯಲ್ಲಿ ಎಂಟು ಹಲ್ಲು, ಎರಡು ಕೆಂಪು ಕಿವಿ. ಒಂದು ಕೋನು ಬಿತ್ತು, ಎರಡು ಬಿತ್ತು, ಮೂರನೆಯದು ಕಾರಿನ ತಳಕ್ಕೆ ಸಿಕ್ಕಿ ಕರಕರ ಎನ್ನುತ್ತ ಜೊತೆಗೇ ಬಂತು. ಕಾರು ನಿಂತಿತು.

ಚಾವಣಿಯ ಮೇಲೆ ನೀರು ಬೀಳುವ ಸದ್ದೊಂದೇ. ನಿಲ್ಲಿಸು ಎಂದು ಯಾರೂ ಹೇಳದಿದ್ದುದರಿಂದ ಮಳೆರಾಯ ಜಡಿಯುತ್ತಲೇ ಇದ್ದ. ಹಿಂದಿನ ಸೀಟಿನಲ್ಲಿ ಅವನು ಹಾಳೆಯನ್ನು ತೊಡೆಯ ಮೇಲೆ ಹರಡಿ, ಪೆನ್ನು ಹಿಡಿದು ಕನ್ನಡಿ ನೋಡಿದ. ದೊಡ್ಡವರು ಇನ್ನೂ ಹಲ್ಲು ಬಿಟ್ಟುಕೊಂಡೇ ಇದ್ದರು, ಅದನ್ನು ಮುಚ್ಚಿಕೊಳ್ಳುವುದು ಹೇಗೆಂದು ತಿಳಿಯದವರಂತೆ.

“ಏನು ಬರೀಲಿ ಸಾರ್?” ಎಂದ.

ದೊಡ್ಡವರು ಕನ್ನಡಿಯಲ್ಲಿ ಅವನನ್ನು ನೋಡಿದರು. ಹಾಳೆಯನ್ನು ನೋಡಿದರು. ನಗು ನಿಧಾನವಾಗಿ ಇಳಿಯಿತು.

“ನಗಲಿಲ್ಲ ಅಂತ ಬರ್ಕೋ” ಎಂದರು.

ಅವನ ದನಿ ನೆಟ್ಟಗೇ ಬಂತು, ಬಾಯಿ ಅಗಲವಾಗಲಿಲ್ಲ. “ಹಾಗಾದ್ರೆ ಆ ಮೂವತ್ತಾರು ಜನಾನೂ ನಗಲಿಲ್ಲ ಸಾರ್.”

ಮುಂದಿನ ಸೀಟಿನಲ್ಲಿದ್ದ ಕಿವಿ ಅಲುಗಾಡಲಿಲ್ಲ. ಅವಳು ಹಿಂದೆ ತಿರುಗದೆಯೇ ಕೇಳಿದಳು. “ಯಾವಾಗಿಂದ ಗೊತ್ತಿತ್ತು?”

“ಮೂರನೆಯವರಿಂದ.”

“ಮತ್ತೆ ನನಗ್ಯಾಕೆ ಹೇಳಲಿಲ್ಲ?”

“ನೀವು ಖುಷಿಯಾಗಿದ್ರಿ ಮೇಡಂ” ಎಂದ. ಇದ್ದದ್ದೆಲ್ಲ ಒಟ್ಟಿಗೇ ಬರಲಿ ಎಂದು, “ಮತ್ತೆ ನಲವತ್ತನೆಯವರು ನಮ್ಮ ಚಿಕ್ಕಮ್ಮ” ಎಂದೂ ಸೇರಿಸಿದ.

ದೊಡ್ಡವರು ಜೇಬಿನಿಂದ ಮಸಿಪೆನ್ನು ತೆಗೆದು, ಮುಚ್ಚಳ ಬಿಗಿಯಾಗಿದೆಯೇ ಎಂದು ತಿರುಗಿಸಿ ನೋಡಿ, ಮತ್ತೆ ಒಳಗಿಟ್ಟರು. “ಆ ಗುಂಡಿ ಎಲ್ಲಿತ್ತೋ ಅಲ್ಲಿಡಿ” ಎಂದರು. “ಸಹಿ ಆಮೇಲೆ ನೋಡೋಣ. ಮೊದಲು ಈ ಗಾಜು ಒರೆಸಮ್ಮಾ, ನಾವು ಎಲ್ಲಿದ್ದೀವಿ ಅಂತಾದ್ರೂ ಕಾಣಲಿ.”

ಅವಳು ಕೈ ಚಾಚಿದಳು. ಈ ಸ್ಕ್ರೀನಿನ ಒಂದೊಂದು ಗೀಟನ್ನೂ ತಾನೇ ಎಳೆದವಳ ಬೆರಳು ನೇರವಾಗಿ ಹೋದದ್ದು ಕೆಳಮೂಲೆಗೆ. ಸೂರ್ಯ ದೊಡ್ಡದಾಯಿತು. ಬೆರಳು ಸುಟ್ಟವಳಂತೆ ಹಿಂದಕ್ಕೆಳೆದುಕೊಂಡಳು, ಆರಾಮ ಒತ್ತಿದಳು, ಅಲ್ಲಿ ಕಂಡದ್ದನ್ನು ಒತ್ತಿದಳು.

“ಅಯ್ಯಯ್ಯೋ!” ಎಂದು ದೊಡ್ಡವರು ಸೀಟಿನಿಂದ ಅರ್ಧ ಎದ್ದರು. “ಏನಮ್ಮಾ ಇದು, ನನಗೆ ಕೆಳಗಡೆ ಬೆಂಕಿ ಹಚ್ಚಿದೆಯಲ್ಲ!”

ಅವಳು ಮುಂದಕ್ಕೆ ಬಗ್ಗಿ ಮುಖವನ್ನು ಕೈಯಲ್ಲಿ ಮುಚ್ಚಿಕೊಂಡಳು. ಭುಜ ಕುಲುಕುತ್ತಿತ್ತು. ಸದ್ದಿಲ್ಲ. ಅವನ ಜೀವ ಬಾಯಿಗೆ ಬಂತು. ನಿಯಮ ಮುರಿದು, ಸೀಟುಗಳ ನಡುವೆ ತಲೆ ತೂರಿಸಿ, “ಮೇಡಂ, ಅಳ್ತಿದ್ದೀರಾ?” ಎಂದು ಕೇಳಿದ.

ಅವಳು ಮುಖದಿಂದ ಕೈ ತೆಗೆದು, ಇಲ್ಲವೆಂದು ತಲೆಯಾಡಿಸಿದಳು. ಮಾತಾಡಲಾಗದೆ, ಅವನ ತೊಡೆಯ ಮೇಲಿನ ಹಾಳೆಯತ್ತ ಬೆರಳು ತೋರಿಸಿ, ಬರ್ಕೊಳ್ಳಿ ಬರ್ಕೊಳ್ಳಿ ಎಂದು ಸನ್ನೆ ಮಾಡಿದಳು. ಅವನು ಅವಳ ಮುಖ ನೋಡಿದ. ಬಾಯಿ ಬಿಗಿಯಾಗಿ ಮುಚ್ಚಿತ್ತು, ಕಣ್ಣಲ್ಲಿ ನೀರು. ಒಂದು ಹಲ್ಲೂ ಕಾಣುತ್ತಿರಲಿಲ್ಲ.